ಯಜಮಾನರು ಫೀಲ್ಡ್‌ಗೆ ಹೋದಾಗ ಮನೆ ಬಾಡಿಗೆ ಭತ್ಯೆ ಯಾವ ಊರಿನ ಲೆಕ್ಕದಲ್ಲಿ ಬರುತ್ತದೆ?

ಪ್ರಶ್ನೆ: ನಮ್ಮ ಯಜಮಾನರು ಆರ್ಮಿಯಲ್ಲಿ ಹವಾಲ್ದಾರ್. ಮೂಲ ವೇತನ 34,900 ರೂಪಾಯಿ. ಎರಡೂವರೆ ವರ್ಷದಿಂದ ಸಿಕಂದರಾಬಾದಿನ ಮ್ಯಾರೀಡ್ ಕ್ವಾರ್ಟರ್ಸ್‌ನಲ್ಲಿ ಇದ್ದೇವೆ. ಈಗ ಅವರಿಗೆ ಫೀಲ್ಡ್ ಏರಿಯಾಕ್ಕೆ, ಅಂದರೆ ಕುಟುಂಬ ಜೊತೆಗೆ ಹೋಗುವಂತಿಲ್ಲದ ಕಡೆಗೆ, ಪೋಸ್ಟಿಂಗ್ ಬಂದಿದೆ, ಏಪ್ರಿಲ್‌ನಲ್ಲಿ ಹೊರಡಬೇಕು. ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಹಳ್ಳಿ. ಅತ್ತೆ ಮಾವ ಊರಿನ ಮನೆಗೇ ಬಾ ಅನ್ನುತ್ತಾರೆ. ಮಗಳು ಆರನೇ ಕ್ಲಾಸಿಗೆ, ಮಗ ಎರಡನೇ ಕ್ಲಾಸಿಗೆ. ಓದಿಗೆ ಮೈಸೂರು ಒಳ್ಳೆಯದು ಅಂತ ನನ್ನ ಮನಸ್ಸು. ಅಲ್ಲಿ ತಿಂಗಳಿಗೆ 11,000 ಬಾಡಿಗೆಯ ಮನೆ ನೋಡಿದ್ದೇವೆ. ಅದೇ ಬೀದಿಯಲ್ಲಿ 7 ಲಕ್ಷಕ್ಕೆ ಭೋಗ್ಯದ ಮನೆಯೂ ಇದೆ. ಪಕ್ಕದ ಕ್ವಾರ್ಟರ್ಸ್‌ನವರು ಫೀಲ್ಡ್‌ಗೆ ಹೋದರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ನಿಂತೇ ಹೋಗುತ್ತೆ ಅಂದರು. ಸ್ವಂತ ಮನೆಯಲ್ಲಿದ್ದರೆ ಕೊಡಲ್ಲ ಅಂತ ಇನ್ನೊಬ್ಬರು. ನಮ್ಮ ಭಾವನವರು ಮಾತ್ರ, "ಊರಲ್ಲೇ ಇರಿ, ಕಾಗದದಲ್ಲಿ ಬೆಂಗಳೂರು ಅಂತ ಬರೆಸಿ, ದುಡ್ಡು ಜಾಸ್ತಿ ಬರುತ್ತೆ" ಅಂತಾರೆ. ಎಸ್‌ಎಫ್‌ಎ ಅಂತಲೂ ಒಂದು ಇದೆಯಂತೆ. ಯಾವುದು ಸರಿ? ಯಜಮಾನರಿಗೆ ಕೇಳಿದರೆ "ಕ್ಲರ್ಕ್ ನೋಡ್ಕೋತಾರೆ ಬಿಡು" ಅಂತಾರೆ.

ಉತ್ತರ:

ಕ್ಲರ್ಕ್ ನೋಡ್ಕೋತಾರೆ ಅನ್ನುವ ಮಾತು ಓದಿದ ಕೂಡಲೇ ಈ ಪತ್ರಕ್ಕೆ ಪೂರ್ತಿಯಾಗಿ ಉತ್ತರ ಬರೆಯಬೇಕು ಅನ್ನಿಸಿತು ತಂಗಿ. ನಾನು 28 ವರ್ಷ ಸೇನೆಯಲ್ಲಿ ಕ್ಲರ್ಕ್ ಟ್ರೇಡ್‌ನಲ್ಲೇ ಇದ್ದವನು, ಸುಬೇದಾರ್ ಆಗಿ ಮನೆಗೆ ಬಂದೆ. ಕ್ಲರ್ಕ್ ಬೇಕೆಂದೇ ಯಾರ ದುಡ್ಡೂ ತಡೆಯುವುದಿಲ್ಲ. ಆದರೆ ನಿಮ್ಮ ಮಕ್ಕಳು ಯಾವ ಊರಿನ ಸ್ಕೂಲಿಗೆ ಹೋಗುತ್ತಾರೆ, ನೀವು ಯಾವ ತಾರೀಖಿಗೆ ಕ್ವಾರ್ಟರ್ಸ್ ಬಿಟ್ಟಿರಿ ಅನ್ನೋದು ಅವನಿಗೆ ಕನಸಿನಲ್ಲಿ ಬರುವುದಿಲ್ಲ ಅಲ್ವಾ? ಯಾರಾದರೂ ಬರೆದು ಕೊಡಬೇಕು. ಬರೆದುಕೊಟ್ಟದ್ದು ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಯೂನಿಟ್ ಹೊರಡಿಸುವ ದಾಖಲೆಯ ಆದೇಶದಲ್ಲಿ, ಬರಬೇಕು. ಅದು ಪೇ ಅಕೌಂಟ್ಸ್ ಆಫೀಸಿಗೆ, ಅಂದರೆ ಪಿಎಓಗೆ, ಹೋಗಬೇಕು. ಆಮೇಲೆಯೇ ದುಡ್ಡು.

ನಿಮ್ಮ ಪತ್ರದಲ್ಲಿ ಕಾಣುವ ಆತಂಕ ಎರಡು. ಒಂದು, ಮೈಸೂರಿಗೆ ಹೋದರೆ ಈ ಸಂಬಳದಲ್ಲಿ ಸಂಸಾರ ನಡೆಯುತ್ತಾ ಅನ್ನೋದು. ಇನ್ನೊಂದು, ಎಲ್ಲೋ ಏನೋ ತಪ್ಪು ಬರೆದು ನಾಳೆ ಯಜಮಾನರ ಸಂಬಳದಿಂದ ವಾಪಸ್ ಕತ್ತರಿಸಿಬಿಟ್ಟರೆ ಅನ್ನೋದು. ಎರಡೂ ನ್ಯಾಯವಾದ ಆತಂಕವೇ.

ಮೊದಲು ನಿಮ್ಮ ಪಕ್ಕದ ಮನೆಯವರ ಮಾತು. ಫೀಲ್ಡ್‌ಗೆ ಹೋದರೆ ಎಚ್‌ಆರ್‌ಎ ನಿಲ್ಲುತ್ತದೆ ಅನ್ನೋದು ತಪ್ಪು. ಆ ಮಾತು ಎಲ್ಲಿಂದ ಹುಟ್ಟಿತು ಅಂತ ನನಗೆ ಗೊತ್ತು. ಹಿಂದೆ ಜವಾನರಿಗೆ ಮನೆಯ ಲೆಕ್ಕವೇ ಬೇರೆ ಇತ್ತು. ಬ್ಯಾರಕ್‌ನಲ್ಲಿ ಮಲಗುವವನಿಗೆ ಸರ್ಕಾರ ಜಾಗ ಕೊಟ್ಟಿದೆ ಅಂತಲೇ ಲೆಕ್ಕ. ಕ್ವಾರ್ಟರ್ಸ್ ಬದಲಿಗೆ ಕೊಡುವ ಸಿಐಎಲ್‌ಕ್ಯೂ ಅಂತ ಒಂದು, ಕುಟುಂಬ ವಸತಿ ಭತ್ಯೆ ಅಂತ ಇನ್ನೊಂದು, ಮದುವೆಯಾದವರಲ್ಲಿ ಇಷ್ಟು ಜನಕ್ಕೆ ಮಾತ್ರ ಅಂತ ಮಿತಿ ಬೇರೆ. ನಾನು ಸರ್ವಿಸ್‌ನಲ್ಲಿದ್ದಾಗ ಈ ಗೋಜಲು ಬಿಡಿಸಿ ಹೇಳೋದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಏಳನೇ ವೇತನ ಆಯೋಗದ ಆದೇಶಗಳು 2017ರ ಜುಲೈಯಿಂದ ಜಾರಿಗೆ ಬಂದಾಗ ಇದನ್ನೆಲ್ಲ ಸರಳ ಮಾಡಿದರು. ಜವಾನ ಬ್ಯಾರಕ್‌ನಲ್ಲೋ ಬಂಕರ್‌ನಲ್ಲೋ ಇರಬಹುದು, ಅವನ ಹೆಂಡತಿ ಮಕ್ಕಳಿಗೂ ಒಂದು ಸೂರು ಬೇಕಲ್ಲ ಅನ್ನೋದನ್ನು ಒಪ್ಪಿಕೊಂಡರು. ಕುಟುಂಬಕ್ಕೆ ಸರ್ಕಾರಿ ಮನೆ ಸಿಕ್ಕಿಲ್ಲ ಅಂದರೆ ಎಚ್‌ಆರ್‌ಎ ಸಿಗಬೇಕು, ಅಷ್ಟೇ. ನಿಮ್ಮ ಯಜಮಾನರ ಫೀಲ್ಡ್ ಭತ್ಯೆ ಇದಕ್ಕಿಂತ ಬೇರೆ. ಅದು ಬರುತ್ತದೆ ಅಂತ ಇದು ನಿಲ್ಲುವುದಿಲ್ಲ.

ಹಾಗಾದರೆ ಎಷ್ಟು? ಯಾವ ಊರಿನ ದರದಲ್ಲಿ? ನಿಜವಾದ ಪ್ರಶ್ನೆ ಇದು.

ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಕುಟುಂಬ ಜೊತೆಗಿರಬಹುದಾದ ಊರಿನಲ್ಲಿ, ಕ್ವಾರ್ಟರ್ಸ್ ಖಾಲಿ ಇಲ್ಲದೆ ಹೊರಗೆ ಮನೆ ಮಾಡಿದವರಿಗೆ ಡ್ಯೂಟಿ ಮಾಡುವ ಊರಿನ ದರ. ಫೀಲ್ಡ್‌ಗೆ ಹೋದವರ ಸಂಗತಿ ಹಾಗಲ್ಲ. ಅಲ್ಲಿಗೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಅದಕ್ಕೇ ಕುಟುಂಬ ಎಲ್ಲಿ ಇರುತ್ತದೆ ಅಂತ ಒಂದು ಊರನ್ನು ಬರೆದುಕೊಡಬೇಕು. ಯೂನಿಟ್‌ನಲ್ಲಿ ಇದನ್ನು ಎಸ್‌ಪಿಆರ್ ಅನ್ನುತ್ತಾರೆ, ನೀವು ಆರಿಸಿಕೊಂಡ ವಾಸದ ಊರು ಅಂತ ಅರ್ಥ. ಆ ಊರು ಯಾವ ದರ್ಜೆಯೋ ಆ ದರ. ಕುಟುಂಬದ ಪ್ರಯಾಣ ಮತ್ತು ಸಾಮಾನು ಸಾಗಣೆಯ ಕ್ಲೇಮಿಗೂ ಈ ಹೆಸರೇ ಬೇಕಾಗುತ್ತದೆ. ಆದ್ದರಿಂದ ಲಾರಿಗೆ ಸಾಮಾನು ಹೇರುವ ಮೊದಲೇ ಇದು ತೀರ್ಮಾನ ಆಗಬೇಕು.

ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ದರ್ಜೆ ಮಾಡಿದ್ದಾರೆ. ನಮ್ಮ ರಾಜ್ಯದಲ್ಲಿ ಎಕ್ಸ್ ಅಂದರೆ ಬೆಂಗಳೂರು ಒಂದೇ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ ದರ್ಜೆಯಲ್ಲಿವೆ. ಉಳಿದದ್ದೆಲ್ಲ ಝಡ್. ಮಡಿಕೇರಿಯೂ ಝಡ್, ಹಾಸನವೂ ಝಡ್, ನಿಮ್ಮ ಹಳ್ಳಿಯೂ ಝಡ್. ಆದೇಶ ಬಂದಾಗ ದರ 24, 16, 8 ಶೇಕಡಾ ಇತ್ತು. ತುಟ್ಟಿಭತ್ಯೆ 25 ಶೇಕಡಾ ದಾಟಿದಾಗ, 2021ರ ಜುಲೈಯಿಂದ, ಅದು 27, 18, 9 ಆಯಿತು. ತುಟ್ಟಿಭತ್ಯೆ 50 ಶೇಕಡಾ ಮುಟ್ಟಿದ 2024ರ ಜನವರಿಯಿಂದ 30, 20, 10. ಹೊಸ ವೇತನ ಆಯೋಗದ ಆದೇಶ ಬಂದ ದಿನ ಈ ಅಂಕಿಗಳು ಬದಲಾಗಬಹುದು, ಅಲ್ಲಿಯವರೆಗೆ ಲೆಕ್ಕ ಇದೇ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಈ ಶೇಕಡಾ ಬರುವುದು ಬರೀ ಮೂಲ ವೇತನದ ಮೇಲೆ. ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ) ಅಂತ ತಿಂಗಳಿಗೆ 5,200 ಬರುತ್ತದಲ್ಲ, ಅದನ್ನು ಸೇರಿಸುವ ಹಾಗಿಲ್ಲ. ತುಟ್ಟಿಭತ್ಯೆಯನ್ನೂ ಸೇರಿಸುವ ಹಾಗಿಲ್ಲ. "ಒಟ್ಟು ಸಂಬಳದ 20 ಶೇಕಡಾ ಬರಬೇಕಿತ್ತು, ಕಡಿಮೆ ಹಾಕಿದ್ದಾರೆ" ಅಂತ ನನ್ನ ಹತ್ತಿರ ಜಗಳಕ್ಕೆ ಬಂದವರಿಗೆ ಲೆಕ್ಕವಿಲ್ಲ. ಪಾಪ, ಅವರ ತಪ್ಪಲ್ಲ, ಯಾರೂ ಬಿಡಿಸಿ ಹೇಳಿರಲಿಲ್ಲ.

ನಿಮ್ಮ ಯಜಮಾನರ ಮೂಲ ವೇತನ 34,900. ಮೈಸೂರು ಆದರೆ ತಿಂಗಳಿಗೆ 6,980. ಊರು ಆದರೆ 3,490. ಬೆಂಗಳೂರು ಆದರೆ 10,470. ಈ ಮೂರು ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಈಗ ಸ್ವಂತ ಮನೆಯ ಮಾತು. ಅತ್ತೆ ಮಾವನ ಮನೆಯಲ್ಲಿದ್ದರೆ ಎಚ್‌ಆರ್‌ಎ ಇಲ್ಲ ಅನ್ನೋದೂ ತಪ್ಪೇ. ಸ್ವಂತ ಮನೆಯಲ್ಲಿ ಇದ್ದರೂ, ತಂದೆ ತಾಯಿಯ ಹೆಸರಿನ ಮನೆಯಲ್ಲಿ ಇದ್ದರೂ ಕೇಂದ್ರ ಸರ್ಕಾರದ ನೌಕರರಿಗೆ ಎಚ್‌ಆರ್‌ಎ ಉಂಟು. ಅದಕ್ಕೆ ಬಾಡಿಗೆ ರಸೀದಿ ಕೇಳುವುದಿಲ್ಲ. ಬಾಡಿಗೆ ಮನೆಯವರು ಬಾಡಿಗೆಗೆ ಖರ್ಚು ಮಾಡುತ್ತಿದ್ದೇನೆ ಅಂತ, ಸ್ವಂತ ಮನೆಯವರು ಮನೆ ಕಂದಾಯಕ್ಕೋ ರಿಪೇರಿಗೋ ಖರ್ಚು ಹಾಕುತ್ತಿದ್ದೇನೆ ಅಂತ ಒಂದು ಸರ್ಟಿಫಿಕೇಟ್ ಬರೆದು ಸಹಿ ಮಾಡಬೇಕು. ಕೊಡಗಿನ ಮಳೆಗೆ ಪ್ರತಿ ವರ್ಷ ಹೆಂಚು ತಿರುಗಿಸೋ ಮನೆಗೆ ರಿಪೇರಿ ಖರ್ಚು ಇಲ್ಲ ಅಂತ ಯಾರು ಹೇಳುತ್ತಾರೆ? ಪ್ರಾಮಾಣಿಕವಾಗಿಯೇ ಸಹಿ ಹಾಕಬಹುದು.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದು ಇನ್‌ಕಮ್ ಟ್ಯಾಕ್ಸ್‌ನಿಂದ. ಭತ್ಯೆ ಸಿಗುವುದು ಬೇರೆ, ಆ ಭತ್ಯೆಗೆ ಟ್ಯಾಕ್ಸ್ ವಿನಾಯಿತಿ ಸಿಗುವುದು ಬೇರೆ. ಬಾಡಿಗೆ ಕೊಡದವರಿಗೆ ಟ್ಯಾಕ್ಸ್ ವಿನಾಯಿತಿ ಇಲ್ಲ. ಅದನ್ನೇ ಬಾಯಿಂದ ಬಾಯಿಗೆ ದಾಟಿಸಿ ಭತ್ಯೆಯೇ ಇಲ್ಲ ಅಂತ ಮಾಡಿಬಿಟ್ಟಿದ್ದಾರೆ.

ಟ್ಯಾಕ್ಸ್ ಬಗ್ಗೆ ಇಲ್ಲೇ ಹೇಳಿ ಮುಗಿಸುತ್ತೇನೆ. ಬಾಡಿಗೆ ರಸೀದಿ ತೋರಿಸಿ ವಿನಾಯಿತಿ ಪಡೆಯುವುದು ಹಳೇ ಪದ್ಧತಿಯಲ್ಲಿ ಮಾತ್ರ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪ್ಯಾನ್ ನಂಬರೂ ಬೇಕು. ನಿಮ್ಮ ಮೈಸೂರು ಮನೆಯ ಬಾಡಿಗೆ ವರ್ಷಕ್ಕೆ 1,32,000, ಹಾಗಾಗಿ ಬೇಕೇ ಬೇಕು. ಮಾಲೀಕರು ಪ್ಯಾನ್ ಕೊಡಲು ಹಿಂದೆ ಮುಂದೆ ನೋಡುತ್ತಾರೆ, ಅದೊಂದು ರಗಳೆ. ಆದರೆ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಟ್ಯಾಕ್ಸ್ ಕಟ್ಟಬೇಕಿಲ್ಲ. ಸಂಬಳದವರಿಗೆ ಮೇಲೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಇದೆ. ನಿಮ್ಮ ಯಜಮಾನರ ಎಲ್ಲ ಭತ್ಯೆ ಕೂಡಿಸಿದರೂ ವರ್ಷಕ್ಕೆ ಅಷ್ಟು ಆಗುವುದಿಲ್ಲ. ಅಂದಮೇಲೆ ಹೊಸ ಪದ್ಧತಿಯಲ್ಲಿದ್ದರೆ ರಸೀದಿ, ಪ್ಯಾನ್ ಅಂತ ಓಡಾಡುವ ಅಗತ್ಯವೇ ಇಲ್ಲ. ಸುಮ್ನೆ ಯಾರದೋ ಹತ್ತಿರ ಸುಳ್ಳು ರಸೀದಿ ಬರೆಸಿಕೊಂಡು ಕೂತ ಜವಾನರನ್ನು ನಾನು ನೋಡಿದ್ದೇನೆ. ಲಾಭ ಒಂದು ಪೈಸೆ ಇಲ್ಲ, ಅಪಾಯ ಮಾತ್ರ ಇದೆ.

ಇನ್ನು ನಿಮ್ಮ ಭಾವನವರ ಸಲಹೆ. ಅವರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ ಅಂತ ನಂಬುತ್ತೇನೆ. ಆದರೆ ದಯವಿಟ್ಟು ಅದನ್ನು ಮಾಡಬೇಡಿ. ಹಳ್ಳಿಯಲ್ಲಿ ಇದ್ದು ಬೆಂಗಳೂರು ಅಂತ ಬರೆಸಿದರೆ ತಿಂಗಳಿಗೆ 6,980 ರೂಪಾಯಿ ಜಾಸ್ತಿ ಬರುತ್ತದೆ, ನಿಜ. ಒಂದು ಫೀಲ್ಡ್ ಅವಧಿಯಲ್ಲಿ ಅದು ಒಂದೂವರೆ ಲಕ್ಷ ಮೀರಬಹುದು. ಆದರೆ ಸಹಿ ಯಾರದು? ಭಾವನವರದಲ್ಲ, ನೀವು ಹಾಕಿದ್ದೂ ಅಲ್ಲ, ನಿಮ್ಮ ಯಜಮಾನರದು. ಸುಳ್ಳು ಅಂತ ಗೊತ್ತಿದ್ದೂ ಸರ್ಟಿಫಿಕೇಟ್‌ಗೆ ಸಹಿ ಹಾಕುವುದು 1950ರ ಆರ್ಮಿ ಆಕ್ಟ್‌ನ 57ನೇ ಸೆಕ್ಷನ್ ಪ್ರಕಾರ ಅಪರಾಧ. ಸಿಕ್ಕಿಬಿದ್ದರೆ ದುಡ್ಡು ವಾಪಸ್ ಕಟ್ಟಿ ಮುಗಿಯುವ ಸಂಗತಿ ಅಲ್ಲ. ನಾಯಬ್ ಸುಬೇದಾರ್ ಪ್ರಮೋಷನ್ ಇನ್ನೇನು ಹತ್ತಿರ ಬರುವ ಹೊತ್ತಿನಲ್ಲಿ ನಡತೆಯ ದಾಖಲೆಯ ಶೀಟ್ ಮೇಲೆ ಶಿಕ್ಷೆಯ ಒಂದು ಕೆಂಪು ಶಾಯಿಯ ಎಂಟ್ರಿ ಬಿದ್ದರೆ ಇಷ್ಟು ವರ್ಷದ ಬೆವರು ಹೋದ ಹಾಗೆ.

ಸಿಕ್ಕಿಬೀಳುವುದು ಹೇಗೆ ಅಂತ ಕೇಳಬಹುದು. ಬಹಳ ಸುಲಭ. ಮಕ್ಕಳ ಶಿಕ್ಷಣ ಭತ್ಯೆಗೆ ಅರ್ಜಿ ಹಾಕುವಾಗ ಸ್ಕೂಲಿನಿಂದ ಸರ್ಟಿಫಿಕೇಟ್ ತರುತ್ತೀರಿ. ಅದರಲ್ಲಿ ಸೋಮವಾರಪೇಟೆಯ ಸ್ಕೂಲಿನ ಸೀಲು ಇರುತ್ತದೆ. ಎಚ್‌ಆರ್‌ಎ ಬೆಂಗಳೂರಿನದು, ಸ್ಕೂಲು ಸೋಮವಾರಪೇಟೆಯದು. ಎರಡು ಕಾಗದ ಒಂದೇ ಮೇಜಿನ ಮೇಲೆ ಬಂದ ದಿನ ಪ್ರಶ್ನೆ ಏಳುತ್ತದೆ. ನಾನೇ ಇಂಥ ಎರಡು ಕಾಗದ ಪಕ್ಕ ಪಕ್ಕ ಇಟ್ಟುಕೊಂಡು, ಎದುರಿಗೆ ನಿಂತ ಹುಡುಗನ ಮುಖ ನೋಡಲಾಗದೆ ಕೂತಿದ್ದೇನೆ.

ಬೇಕೆಂದು ಸುಳ್ಳು ಹೇಳದವರಿಗೂ ರಿಕವರಿ ಬೀಳುತ್ತದೆ. ನನ್ನ ಮಟ್ಟಿಗೆ ಇದು ಅದಕ್ಕಿಂತ ದೊಡ್ಡ ಸಂಕಟ. ಒಂದು ಸಲ ಹೀಗಾಯಿತು. ಒಬ್ಬ ನಾಯಕ್ ಫೀಲ್ಡ್‌ನಲ್ಲಿದ್ದ. ಅವನ ಹೆಂಡತಿಗೆ ಒಂದು ಮಿಲಿಟರಿ ಸ್ಟೇಷನ್‌ನಲ್ಲಿ ಸರ್ಕಾರಿ ಮನೆ ಸಿಕ್ಕಿತು. ಆ ತಾಯಿ ಸಂತೋಷದಿಂದ ಸಾಮಾನು ಸಾಗಿಸಿ, ಹಾಲು ಉಕ್ಕಿಸಿ, ಗಂಡನಿಗೆ ಫೋನ್ ಮಾಡಿ ಹೇಳಿದಳು. ಗಂಡ ಪೋಸ್ಟ್ ಮೇಲಿದ್ದ, ಕೆಳಗೆ ಇಳಿದು ಬಂದು ಕ್ಲರ್ಕ್‌ಗೆ ಹೇಳಲು ಮರೆತ. ಆ ಮನೆಯ ಕಾಗದ ಸ್ಟೇಷನ್‌ನಿಂದ ಯೂನಿಟ್‌ಗೆ ಬರಲು ತಡವಾಯಿತು. 14 ತಿಂಗಳು ಮನೆಯೂ ಇತ್ತು, ಎಚ್‌ಆರ್‌ಎಯೂ ಬರುತ್ತಿತ್ತು. ಕಡೆಗೆ ಲೆಕ್ಕ ತಾಳೆ ನೋಡಿದಾಗ ಅಷ್ಟನ್ನೂ ಸಂಬಳದಿಂದ ಹಿಡಿದರು. ಆ ದುಡ್ಡು ಆಗಲೇ ತಂಗಿಯ ಮದುವೆಗೆ ಖರ್ಚಾಗಿತ್ತು. ಅವನು ಕಳ್ಳ ಅಲ್ಲ. ಒಂದು ಸಾಲು ಬರೆಸುವುದನ್ನು ಮರೆತವನು. ಅವತ್ತಿನಿಂದ ನಾನು ಯಾರಿಗೇ ಆಗಲಿ ಹೇಳುವ ಮೊದಲ ಮಾತು ಇದು: ಪೇ ಸ್ಲಿಪ್ ಪ್ರತಿ ತಿಂಗಳು ನೋಡಿ. ಈಗಂತೂ ಸೇನೆಯವರ ಹಮ್‌ರಾಜ್ ಆ್ಯಪ್‌ನಲ್ಲೇ ಸಿಗುತ್ತದೆ. ಬಂದ ದುಡ್ಡು ಕಡಿಮೆಯಾದರೆ ಎಲ್ಲರೂ ಕೇಳುತ್ತಾರೆ. ಜಾಸ್ತಿ ಬಂದಾಗಲೂ ಕೇಳಬೇಕು.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ.

ಸಿಕಂದರಾಬಾದಿನ ಕ್ವಾರ್ಟರ್ಸ್‌ನಲ್ಲೇ ಇನ್ನಷ್ಟು ದಿನ ಇರೋದು ಒಂದು. ಮಕ್ಕಳ ಪರೀಕ್ಷೆ ಮುಗಿಯದಿದ್ದರೆ ಇದಕ್ಕೆ ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಿಂದ ರಿಟೆನ್ಷನ್ ಅನುಮತಿ ಕೇಳಬಹುದು. ಅನುಮತಿ ಒಂದು ಅವಧಿಗೆ ಮಾತ್ರ. ಅಷ್ಟು ದಿನ ಎಚ್‌ಆರ್‌ಎ ಇರುವುದಿಲ್ಲ, ಯಾಕೆಂದರೆ ಮನೆ ಕೈಯಲ್ಲಿದೆ. ಅವಧಿ ಮುಗಿದ ಮೇಲೂ ಕೂತರೆ ಡ್ಯಾಮೇಜ್ ರೆಂಟ್ ಹಾಕುತ್ತಾರೆ, ಅದು ಮಾಮೂಲಿ ಬಾಡಿಗೆಗಿಂತ ಬಹಳ ದೊಡ್ಡ ಮೊತ್ತ. ನಿಮ್ಮ ಮಕ್ಕಳು ಹೇಗೂ ಹೊಸ ಕ್ಲಾಸಿಗೆ ಹೋಗುವವರು. ಪರೀಕ್ಷೆ ಮುಗಿದ ಕೂಡಲೇ ಹೊರಡಬಹುದಾದರೆ ಈ ಕಾಗದಪತ್ರದ ಗೋಜು ಬೇಡ.

ಇನ್ನೊಂದು ಎಸ್‌ಎಫ್‌ಎ. ಫೀಲ್ಡ್‌ನಲ್ಲಿರುವವರ ಕುಟುಂಬಕ್ಕೆಂದೇ ಕೆಲವು ಮಿಲಿಟರಿ ಸ್ಟೇಷನ್‌ಗಳಲ್ಲಿ ಮೀಸಲಿಟ್ಟ ಮನೆಗಳು ಇವು. ನನಗೆ ಇವುಗಳ ಬಗ್ಗೆ ಗೌರವ ಇದೆ. ಒಳಗೇ ಕ್ಯಾಂಟೀನ್, ಮಿಲಿಟರಿ ಆಸ್ಪತ್ರೆ ಹತ್ತಿರ, ಗೇಟಿನಲ್ಲಿ ಕಾವಲು. ರಾತ್ರಿ ಮಗುವಿಗೆ ಜ್ವರ ಬಂದರೆ ಪಕ್ಕದ ಬಾಗಿಲು ತಟ್ಟಿದರೆ ಅಲ್ಲೂ ನಿಮ್ಮ ಹಾಗೇ ಗಂಡ ಫೀಲ್ಡ್‌ನಲ್ಲಿರುವ ಇನ್ನೊಬ್ಬ ಹೆಣ್ಣುಮಗಳು. ಆ ಧೈರ್ಯಕ್ಕೆ ಬೆಲೆ ಕಟ್ಟಲಾಗದು. ತೊಂದರೆ ಅಂದರೆ ಮನೆಗಳು ಕಡಿಮೆ, ಸರದಿ ಉದ್ದ. ಸರದಿಯಲ್ಲಿ ಹೆಸರಿದೆ ಅಂತ ಎಚ್‌ಆರ್‌ಎ ನಿಲ್ಲುವುದಿಲ್ಲ. ಮನೆಯ ಬೀಗ ಕೈಗೆ ಬಂದ ದಿನದಿಂದ ನಿಲ್ಲುತ್ತದೆ. ಮೈಸೂರು ದೊಡ್ಡ ಮಿಲಿಟರಿ ಸ್ಟೇಷನ್ ಅಲ್ಲ, ಆದ್ದರಿಂದ ಎಸ್‌ಎಫ್‌ಎ ಬೇಕೆಂದರೆ ಬೇರೆ ಊರಿನ ಕಡೆ ನೋಡಬೇಕಾಗುತ್ತದೆ. ಅತ್ತೆ ಮಾವನಿಂದ ದೂರ, ವರ್ಷದ ಮಧ್ಯದಲ್ಲಿ ಮನೆ ಸಿಕ್ಕರೆ ಮತ್ತೆ ಸ್ಕೂಲು ಬದಲು. ನಿಮ್ಮ ಪರಿಸ್ಥಿತಿಗೆ ಇದು ಅಷ್ಟಾಗಿ ಹೊಂದುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಉಳಿದದ್ದು ಊರು ಅಥವಾ ಮೈಸೂರು. ಇಲ್ಲಿ ಬರೀ ಎಚ್‌ಆರ್‌ಎ ನೋಡಿ ತೀರ್ಮಾನ ಮಾಡಬೇಡಿ. "ಮೈಸೂರಿಗೆ ಹೋದರೆ 6,980 ಬರುತ್ತೆ, ಬಾಡಿಗೆ 11,000, ಕೈಯಿಂದ ಹೋಗೋದು 4,020 ತಾನೇ" ಅಂತ ಲೆಕ್ಕ ಹಾಕಿರುತ್ತೀರಿ. ಅದು ಅರ್ಧ ಲೆಕ್ಕ. ಊರಿನಲ್ಲಿದ್ದರೆ ಬಾಡಿಗೆ ಇಲ್ಲ, ಆದರೂ 3,490 ಬರುತ್ತಿತ್ತು, ಅದು ಉಳಿಯುತ್ತಿತ್ತು. ಆ ಉಳಿತಾಯವೂ ಹೋಯಿತಲ್ಲ. ಹಾಗಾಗಿ ಮೈಸೂರಿನ ನಿಜವಾದ ಹೆಚ್ಚುವರಿ ಖರ್ಚು ತಿಂಗಳಿಗೆ 7,510. ವರ್ಷಕ್ಕೆ 90,120. ಇದರ ಮೇಲೆ ಹಾಲು, ತರಕಾರಿ, ಸ್ಕೂಲ್ ವ್ಯಾನು. ಊರಲ್ಲಿ ಹಿತ್ತಲಿನಿಂದ ಬರುತ್ತಿದ್ದದ್ದೆಲ್ಲ ಅಲ್ಲಿ ಅಂಗಡಿಯಿಂದ.

ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಮಗಳ ಓದಿಗೆ ವರ್ಷಕ್ಕೆ 90,000 ಕೊಡಬಹುದು ಅನ್ನಿಸಿದರೆ ಧೈರ್ಯವಾಗಿ ಹೋಗಿ. ಫೀಲ್ಡ್ ಭತ್ಯೆ ಬರುವ ಕಾಲ ಇದು, ನಿಭಾಯಿಸಬಹುದು. ಮಕ್ಕಳ ಶಿಕ್ಷಣ ಭತ್ಯೆಯೂ ತಲಾ 2,812 ರೂಪಾಯಿ 50 ಪೈಸೆಯ ಲೆಕ್ಕದಲ್ಲಿ ತಿಂಗಳಿಗೆ ಇಬ್ಬರಿಗೆ 5,625 ಆಗುತ್ತದೆ. ಅದು ವರ್ಷಕ್ಕೊಮ್ಮೆ ಕ್ಲೇಮ್ ಮಾಡಿ ಪಡೆಯುವ ದುಡ್ಡು. ಊರಿನಲ್ಲಿದ್ದರೂ ಅಷ್ಟೇ, ಮೈಸೂರಿನಲ್ಲಿದ್ದರೂ ಅಷ್ಟೇ. ಅದನ್ನು ತಿಂಗಳ ಬಾಡಿಗೆಗೆ ನೆಚ್ಚಿಕೊಳ್ಳಬೇಡಿ.

ಕುಶಾಲನಗರದಲ್ಲಿ ಮನೆ ಮಾಡಿದರೆ ಅಗ್ಗ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನೂ ಲೆಕ್ಕ ಹಾಕಿ ನೋಡಿ. ಕುಶಾಲನಗರವೂ ಝಡ್. ಎಚ್‌ಆರ್‌ಎ 3,490ಕ್ಕಿಂತ ಒಂದು ರೂಪಾಯಿ ಜಾಸ್ತಿ ಬರುವುದಿಲ್ಲ. ಅಲ್ಲಿ 7,500 ಬಾಡಿಗೆ ಕೊಟ್ಟರೆ ಆ 7,500 ಪೂರ್ತಿ ನಿಮ್ಮ ಹೆಚ್ಚುವರಿ ಖರ್ಚು. ಅಂದರೆ ಮೈಸೂರಿನ 11,000ದ ಮನೆಗೂ ಇಲ್ಲಿನ 7,500ರ ಮನೆಗೂ ನಿಮ್ಮ ಜೇಬಿಗೆ ವ್ಯತ್ಯಾಸವೇ ಇಲ್ಲ! ಆದರೆ ಕುಶಾಲನಗರದಿಂದ ಅತ್ತೆ ಮಾವನ ಮನೆ ಹತ್ತಿರ. ಅವರಿಗೆ ಹುಷಾರಿಲ್ಲದಿದ್ದರೆ ಬೆಳಗ್ಗೆ ಹೋಗಿ ಸಂಜೆ ಬರಬಹುದು. ಇದಕ್ಕೆ ಎಷ್ಟು ಬೆಲೆ ಅಂತ ನೀವೇ ತೂಗಬೇಕು. ಮೈಸೂರಿನಲ್ಲಿ ಮನೆ ಹಿಡಿದರೂ ಅದು ಮೈಸೂರು ನಗರದ ಲೆಕ್ಕಕ್ಕೆ ಸೇರುವ ಜಾಗವೇ ಅಂತ ವಿಚಾರಿಸಿ. ಊರಾಚೆಯ ಹೊಸ ಲೇಔಟ್‌ಗಳಲ್ಲಿ ಬೋರ್ಡ್ ಮೇಲೆ ಮೈಸೂರು ಅಂತಲೇ ಇರುತ್ತದೆ, ದಾಖಲೆಯಲ್ಲಿ ಯಾವುದೋ ಹಳ್ಳಿಯ ಹೆಸರಿರುತ್ತದೆ. ಕರಾರು ಪತ್ರದಲ್ಲಿ ಆ ಹಳ್ಳಿಯ ಹೆಸರು ಬಂದರೆ 20 ಶೇಕಡಾಕ್ಕೆ ತಕರಾರು ಬರಬಹುದು.

ಭೋಗ್ಯದ ವಿಚಾರಕ್ಕೆ ಬರೋಣ. ಇದರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ನನಗೆ ಅತಿ ಹೆಚ್ಚು ಯೋಚನೆ ಹತ್ತಿದ್ದು ಇದೇ. 7 ಲಕ್ಷ ಎಲ್ಲಿಂದ ತರುತ್ತೀರಿ? ನಿಮ್ಮ ಮನಸ್ಸಿನಲ್ಲಿ ಜವಾನರ ಭವಿಷ್ಯ ನಿಧಿಯಾದ ಎಎಫ್‌ಪಿಪಿ ಫಂಡ್ ಇದೆ ಅಂತ ಊಹಿಸುತ್ತೇನೆ, ಯಾಕೆಂದರೆ ಹೆಚ್ಚಿನ ಜವಾನರ ಹತ್ತಿರ ಒಟ್ಟಿಗೆ ಅಷ್ಟು ದುಡ್ಡು ಇರುವುದು ಅಲ್ಲೇ. ಆ ಫಂಡ್‌ಗೆ 7.1 ಶೇಕಡಾ ಬಡ್ಡಿ. 7 ಲಕ್ಷಕ್ಕೆ ವರ್ಷಕ್ಕೆ 49,700, ತಿಂಗಳಿಗೆ ಸುಮಾರು 4,140. ಅಂದರೆ 11,000 ಬಾಡಿಗೆ ಕೊಡುವ ಬದಲು 4,140 ಬಡ್ಡಿ ಬಿಟ್ಟುಕೊಟ್ಟ ಹಾಗೆ. ಎಚ್‌ಆರ್‌ಎ ಮೈಸೂರಿನದೇ ಬರುತ್ತದೆ. ಲೆಕ್ಕ ನೋಡಿದರೆ ಭೋಗ್ಯವೇ ಲಾಭ, ಇದನ್ನು ನಾನು ಮುಚ್ಚಿಡುವುದಿಲ್ಲ.

ಆದರೆ ಬಾಡಿಗೆ ಮನೆಯಲ್ಲಿ ಮಾಲೀಕ ಕೈಕೊಟ್ಟರೆ ನೀವು ಕಳೆದುಕೊಳ್ಳುವುದು ಅಡ್ವಾನ್ಸ್ ಮಾತ್ರ. ಭೋಗ್ಯದಲ್ಲಿ ಕೈಕೊಟ್ಟರೆ ಹೋಗುವುದು ಇಷ್ಟು ವರ್ಷದ ಉಳಿತಾಯ. ಭೋಗ್ಯ ಕೊಡುವವರು ಸಾಮಾನ್ಯವಾಗಿ ದುಡ್ಡಿನ ಅಡಚಣೆಯಲ್ಲಿ ಇರುವವರು. ಆ ಮನೆಯ ಮೇಲೆ ಬ್ಯಾಂಕ್ ಸಾಲ ಇದ್ದು ಕಂತು ನಿಂತರೆ ಬ್ಯಾಂಕಿನವರು ಬಂದು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಒಳಗೆ ಇರುವವರು ನೀವು, ಎರಡು ಮಕ್ಕಳನ್ನು ಕಟ್ಟಿಕೊಂಡು. ಯಜಮಾನರು ಎಲ್ಲೋ ಫೋನ್ ಸಿಗದ ಜಾಗದಲ್ಲಿ. ಅವಧಿ ಮುಗಿದಾಗ "ಇನ್ನೊಬ್ಬರು ಭೋಗ್ಯಕ್ಕೆ ಬರಲಿ, ಅವರು ಕೊಟ್ಟಮೇಲೆ ನಿಮಗೆ ಕೊಡ್ತೀನಿ" ಅನ್ನುವ ಮಾಲೀಕರು ಎಷ್ಟು ಜನ ಬೇಕು? ಪೋಸ್ಟಿಂಗ್ ಬದಲಾಗಿ ಊರು ಬಿಡಬೇಕಾದ ಫೌಜಿ ಕುಟುಂಬ ಅಲ್ಲೇ ಕೂತು ಕಾಯಲೂ ಆಗದು.

ಆದರೂ ಭೋಗ್ಯವೇ ಬೇಕು ಅನ್ನಿಸಿದರೆ ಮನೆಯ ಇಸಿ (ಋಣಭಾರ ಪತ್ರ) ತೆಗೆಸಿ, ಸಾಲ ಇದೆಯಾ ನೋಡಿ. ಮೂಲ ಪತ್ರ ಯಾರ ಹತ್ತಿರ ಇದೆ ಕೇಳಿ. ಕರಾರನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿ, ಬರೀ ಛಾಪಾ ಕಾಗದ ಸಾಲದು. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಮಾಲೀಕರು ಇದಕ್ಕೆ ಒಪ್ಪದಿದ್ದರೆ ಆ ಮನೆ ಬೇಡ. ಫಂಡ್‌ನಿಂದ ತೆಗೆಯಲು ಮನೆ ಕಟ್ಟುವುದು, ಮಕ್ಕಳ ಓದು, ಮದುವೆ ಅಂತ ಕಾರಣ ಬರೆಯಬೇಕಾಗುತ್ತದೆ. ಭೋಗ್ಯಕ್ಕೆ ತೆಗೆದು ಮನೆ ಕಟ್ಟಲು ಅಂತ ಬರೆದರೆ ಅದು ಇನ್ನೊಂದು ಸುಳ್ಳು ಸಹಿ. ನನ್ನ ಸ್ವಂತ ತಂಗಿ ಕೇಳಿದ್ದರೆ ನಾನು ಬಾಡಿಗೆ ಮನೆಗೇ ಹೋಗು ಅನ್ನುತ್ತಿದ್ದೆ. ಫಂಡ್ ಅಲ್ಲೇ ಬೆಳೆಯಲಿ. ಪೆನ್ಷನ್ ಬಂದು ಮನೆ ಕಟ್ಟುವ ದಿನ ಅದು ಬೇಕು.

ನೀವು ಕೆಲಸದಲ್ಲಿ ಇದ್ದೀರೋ ಇಲ್ಲವೋ ಬರೆದಿಲ್ಲ. ಮುಂದೆ ಸರ್ಕಾರಿ ಶಿಕ್ಷಕಿಯಾಗಿಯೋ ನರ್ಸ್ ಆಗಿಯೋ ಸೇರಿದರೆ ಒಂದು ನೆನಪಿರಲಿ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಕೆಲಸದಲ್ಲಿದ್ದು ಯಾರಿಗೂ ಸರ್ಕಾರಿ ಮನೆ ಇಲ್ಲದಿದ್ದರೆ ಇಬ್ಬರಿಗೂ ಎಚ್‌ಆರ್‌ಎ ಬರುತ್ತದೆ. ನಿಮಗೆ ಇಲಾಖೆಯ ಕ್ವಾರ್ಟರ್ಸ್ ಸಿಕ್ಕಿ ಕುಟುಂಬ ಅಲ್ಲೇ ಇದ್ದರೆ ಯಜಮಾನರ ಎಚ್‌ಆರ್‌ಎ ನಿಲ್ಲುತ್ತದೆ, ಅದನ್ನೂ ಬರೆದು ತಿಳಿಸಬೇಕು. ನಿಮ್ಮ ಊರಿನ ಅಗ್ನಿವೀರ ಹುಡುಗರು ನಮಗ್ಯಾಕೆ ಬರಲ್ಲ ಅಂತ ಕೇಳಿದರೆ ಅವರ ಸಂಬಳದ ಪ್ಯಾಕೇಜೇ ಬೇರೆ, ಅದರಲ್ಲಿ ಎಚ್‌ಆರ್‌ಎ ಇಲ್ಲ ಅಂತ ಹೇಳಿ.

ಕೊನೆಯದಾಗಿ ಕಾಗದದ ಕೆಲಸ. ಕ್ವಾರ್ಟರ್ಸ್ ಬಿಡುವಾಗ ಸೇನೆಯ ಕಟ್ಟಡ ನೋಡಿಕೊಳ್ಳುವ ಎಂಇಎಸ್‌ನವರಿಗೆ ಮನೆ ಒಪ್ಪಿಸಿ, ಕರೆಂಟು ನೀರಿನ ಬಾಕಿ ಕಟ್ಟಿ, ನೋ ಡ್ಯೂಸ್ ಮತ್ತು ಮನೆ ಬಿಟ್ಟ ತಾರೀಖಿನ ಕಾಗದ ತೆಗೆದುಕೊಳ್ಳಿ. ಒಡೆದ ಗಾಜು, ಕಿತ್ತ ನಲ್ಲಿಗೆ ಬ್ಯಾರಕ್ ಡ್ಯಾಮೇಜ್ ಅಂತ ಹಾಕುತ್ತಾರೆ, ಮೊದಲೇ ಸರಿ ಮಾಡಿಸಿದರೆ ಅಗ್ಗ. ಆ ಬಿಟ್ಟ ತಾರೀಖಿನ ಕಾಗದವೇ ನಿಮ್ಮ ಎಚ್‌ಆರ್‌ಎಗೆ ಬೀಜ. ಅದು ಹೊಸ ಯೂನಿಟ್‌ಗೆ ಮುಟ್ಟದಿದ್ದರೆ ಲೆಕ್ಕದಲ್ಲಿ ನೀವು ಇನ್ನೂ ಸಿಕಂದರಾಬಾದಿನ ಮನೆಯಲ್ಲೇ ಇದ್ದೀರಿ ಅಂತ ಅರ್ಥ. ಒಂದು ನಕಲು ಯಜಮಾನರ ಕೈಗೆ, ಒಂದು ನಿಮ್ಮ ಟ್ರಂಕಿನಲ್ಲಿ, ಒಂದು ಫೋಟೊ ಫೋನಿನಲ್ಲಿ ಇರಲಿ. ಹೊಸ ಯೂನಿಟ್ ಸೇರಿದ ಮೊದಲ ವಾರವೇ ಅವರು ಎಸ್‌ಪಿಆರ್ ಮೈಸೂರು ಅಂತ ಬರೆದುಕೊಟ್ಟು, ಪಾರ್ಟ್ ಟು ಆರ್ಡರ್ ನಂಬರ್ ಮತ್ತು ತಾರೀಖು ಕೇಳಿ ನಿಮಗೆ ಫೋನಿನಲ್ಲಿ ಹೇಳಲಿ. ನೀವು ಬರೆದಿಟ್ಟುಕೊಳ್ಳಿ. ಯೂನಿಟ್ ಎಲ್ಲೇ ಇರಲಿ, ಲೆಕ್ಕ ಇಡುವ ಪಿಎಓ ಅವರ ರೆಜಿಮೆಂಟಿನದೇ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಾದರೆ ಬೆಂಗಳೂರಿನಲ್ಲೇ ಇದೆ. ದುಡ್ಡು ಬಾರದಿದ್ದರೆ ಆ ಆರ್ಡರ್ ನಂಬರ್ ಹಿಡಿದು ವಿಚಾರಿಸಿದರೆ ಉತ್ತರ ಬೇಗ ಸಿಗುತ್ತದೆ, ಬರೀ ಹೆಸರು ಹೇಳಿದರೆ ತಡ.

ಮೊದಲ ಎರಡು ಮೂರು ತಿಂಗಳು ಎಚ್‌ಆರ್‌ಎ ಬಾರದೇ ಇರಬಹುದು. ಗಾಬರಿಯಾಗಬೇಡಿ. ಆರ್ಡರ್ ಮುಟ್ಟಿದ ಮೇಲೆ ಬಾಕಿ ಒಟ್ಟಿಗೆ ಬರುತ್ತದೆ. ಆದರೆ ಮಾಲೀಕರು ಅಷ್ಟು ದಿನ ಕಾಯುವುದಿಲ್ಲವಲ್ಲ, ಅದಕ್ಕೇ ಅಡ್ವಾನ್ಸ್ ಬಿಟ್ಟು ಮೂರು ತಿಂಗಳ ಬಾಡಿಗೆ 33,000 ಬೇರೆ ತೆಗೆದಿಟ್ಟುಕೊಂಡೇ ಮೈಸೂರಿಗೆ ಹೊರಡಿ. ಅಷ್ಟು ಕೂಡುವುದು ಕಷ್ಟ ಅನ್ನಿಸಿದರೆ ಬೇಸಿಗೆ ರಜೆ ಪೂರ್ತಿ ಊರಲ್ಲೇ ಇರಿ. ಮೈಸೂರಿಗೆ ಹೋಗುವವರೆಗೆ ಎಸ್‌ಪಿಆರ್ ಊರಿನದೇ ಇರಲಿ. ಜೂನ್‌ನಲ್ಲಿ ಸ್ಕೂಲು ಶುರುವಾಗುವ ಹೊತ್ತಿಗೆ ಮನೆ ಹಿಡಿದು, ಬದಲಾವಣೆ ಬರೆಸಿ. ಅತ್ತೆಯವರಿಗೂ ಮೊಮ್ಮಕ್ಕಳ ಜೊತೆ ಎರಡು ತಿಂಗಳು ಸಿಕ್ಕ ಹಾಗೆ ಆಗುತ್ತದೆ.